ಮುತ್ತುಗದ ಪಾಳಿ

ಲೋಕ ಹೊಸದಾಗಿದ್ದು, ಒಂದೊಂದಕ್ಕೂ ಇನ್ನೂ ಹೆಸರಿಡುತ್ತಿದ್ದ ಕಾಲ. ಆಗ ಎಲ್ಲ ಮರಗಳೂ ಒಂದೇ ವಾರ ಹೂ ಬಿಡುತ್ತಿದ್ದವು.

ಹೀಗೆ ಕಥೆ ಶುರುಮಾಡಿದವಳು ಚೌಡಮ್ಮ. ವಿಶ್ವವಿದ್ಯಾಲಯದ ತೋಟಕ್ಕೆ ಇಪ್ಪತ್ತೆಂಟು ವರ್ಷ ನೀರು ಹಾಯಿಸಿದವಳು. "ಈ ಮುತ್ತುಗಕ್ಕೆ ಒಂದೆಲೆಯೂ ಯಾಕಿಲ್ಲಜ್ಜಿ?" ಎಂದು ಮೊಮ್ಮಗಳು ಇಂಪನಾ ಕೇಳಿದ್ದಳು. ಒಣಮರವೆಂದು ಯಾರೋ ಅದಕ್ಕೆ ಕೆಂಪು ಗುರುತು ಬಳಿದಿದ್ದರು. ಕಡಿಯಲು ಬಂದ ಮರಿಸಿದ್ದಯ್ಯ, "ಕಥೆ ಮುಗೀಲಿ, ಆಮೇಲೆ ಕಡೀತೀನಿ," ಎಂದು ಗರಗಸ ಕೆಳಗಿಟ್ಟು ಕೂತ.

ಹೂವಿನ ಜೇನು ಹೀರಿ ಬದುಕುವ ಬೆರಳುದ್ದದ ಸೂರಕ್ಕಿಗೆ ಆ ಒಂದು ವಾರ ಹಬ್ಬದೂಟ, ಆಮೇಲೆ ವರ್ಷವಿಡೀ ಉಪವಾಸ. ಒಮ್ಮೆ ಅದರ ಮರಿ ಹಸಿದು ಸತ್ತೇಹೋಯಿತು. ಸೂರಕ್ಕಿ ಅಳುತ್ತಾ ಹೊಳೆಯ ಬಳಿ ಹೋಯಿತು.

ಹೊಳೆ ಮರಗಳನ್ನೆಲ್ಲ ಕರೆಯಿತು. "ನನ್ನ ನೀರನ್ನ ಪಾಳಿಯಲ್ಲಿ ತಾನೇ ಕುಡೀತೀರಿ? ಹೂವಿಗೂ ಪಾಳಿ ಹಾಕ್ಕೊಳ್ಳಿ."

ಮಾವು ಚಳಿಗಾಲ ಹಿಡಿಯಿತು. ಹೊಂಗೆ ಯುಗಾದಿ ಹಿಡಿಯಿತು. ಕದಂಬ ಜಾಣ, ಮಳೆಗಾಲವನ್ನೇ ಹಿಡಿಯಿತು. ಉಳಿದದ್ದು ಶಿವರಾತ್ರಿಯ ಹೊತ್ತು. ಚಳಿ ಶಿವಶಿವಾ ಎಂದು ಓಡಿಹೋಗಿರುತ್ತದೆ, ಮಳೆಯ ಸುಳಿವೇ ಇರುವುದಿಲ್ಲ. ಅದು ಯಾವ ಮರಕ್ಕೂ ಬೇಡವಾಯಿತು.

"ನಾನು ಹಿಡೀತೀನಿ," ಎಂದಿತು ಮುತ್ತುಗ.

"ಆಗ ನಿನಗೆ ಕೊಡೋಕೆ ನನ್ನ ಹತ್ರ ಒಂದೇ ಬಿಂದಿಗೆ ನೀರಿರುತ್ತೆ," ಎಂದಿತು ಹೊಳೆ. "ಎಲೆಗಾದ್ರೆ ಹೂವಿಗಿಲ್ಲ, ಹೂವಿಗಾದ್ರೆ ಎಲೆಗಿಲ್ಲ."

ಮುತ್ತುಗಕ್ಕೆ ತನ್ನ ಎಲೆಯೆಂದರೆ ಬಲು ಜಂಬ. ಊಟದೆಲೆ ಹಚ್ಚುವಂಥ ಅಗಲದ ಎಲೆ. ಎರಡು ದಿನ ಅವನ್ನೇ ನೋಡಿಕೊಂಡಿತು. ಮೂರನೆಯ ದಿನ, "ಗಾಳಿಯಪ್ಪಾ, ಎಲ್ಲಾ ಉದುರಿಸಿಬಿಡು," ಎಂದಿತು.

ಬೋಳು ಮರವನ್ನು ನೋಡಿ ಬೇವು, "ಅಯ್ಯೋ ಪಾಪ, ಹೋಯ್ತು," ಎಂದಿತು. ಸೂರಕ್ಕಿ ಮಾತ್ರ ಕೊಂಬೆ ಕೊಂಬೆ ಹುಡುಕಿತು. ಕಪ್ಪು ಮೊಗ್ಗುಗಳು ಕಂಡವು. "ಇನ್ನು ನಾಲ್ಕು ದಿನ ತಡೀರಿ ಮಕ್ಕಳೇ," ಎಂದು ಮರಿಗಳಿಗೆ ಹೇಳಿತು. ಐದನೆಯ ದಿನ ಮರವೆಲ್ಲ ಕೆಂಪು. ಆ ವರ್ಷ ಒಂದು ಮರಿಯೂ ಸಾಯಲಿಲ್ಲ.

ಚೌಡಮ್ಮ ಕಥೆಯನ್ನು ಅಲ್ಲಿಗೆ ನಿಲ್ಲಿಸಿದಳು. ಮರಿಸಿದ್ದಯ್ಯ ಗರಗಸವನ್ನು ಎತ್ತಿಕೊಂಡ, ಆದರೆ ಎದ್ದೇಳಲಿಲ್ಲ.

"ಇಲ್ಲಿ ನೂರೆಂಟು ಜಾತಿ ಮರ ಇದಾವಲ್ಲಕ್ಕ. ಒಂದು ಹೋದ್ರೆ ಏನಾಯ್ತು?"

"ಇದಾವೆ ಕಣಪ್ಪ. ಆದ್ರೆ ಈ ಆವರಣದಾಗೆ ಈ ಪಾಳಿ ಹಿಡಿದಿರೋದು ಇದೊಂದೇ."

ಆಗ ಇಂಪನಾ ಮೆಲ್ಲಗೆ ಬೆರಳು ಮಾಡಿ ತೋರಿಸಿದಳು. ಬೋಳು ಕೊಂಬೆಯ ಮೇಲೆ ಬೆರಳುದ್ದದ ಹಕ್ಕಿಯೊಂದು ಕಪ್ಪು ಮೊಗ್ಗುಗಳನ್ನು ಒಂದೊಂದಾಗಿ ಇಣುಕಿ ನೋಡುತ್ತಿತ್ತು. ಮರಿಸಿದ್ದಯ್ಯ ಬಹಳ ಹೊತ್ತು ಅದನ್ನೇ ನೋಡಿದ.

"ಗುರುತು ಹಾಕಿದೋರು ಬುಡ ನೋಡವ್ರೆ, ತಲೆ ನೋಡಿಲ್ಲ. ಅವರನ್ನೇ ಕರ್ಕೊಂಡು ಬತ್ತೀನಿ," ಎಂದು ಗರಗಸವನ್ನು ಹೆಗಲಿಗೇರಿಸಿಕೊಂಡು ಹೊರಟ.

ಚೌಡಮ್ಮ ಮೊಮ್ಮಗಳತ್ತ ತಿರುಗಿ ಕಥೆ ಮುಗಿಸಿದಳು: ಅದಕ್ಕೇ ಮಗು, ಇವತ್ತಿಗೂ ಶಿವರಾತ್ರಿಯ ಆಸುಪಾಸು ಮುತ್ತುಗ ಒಂದೆಲೆಯೂ ಇಲ್ಲದೆ ಮೈತುಂಬ ಹೂ ಬಿಡುತ್ತದೆ. ಬೋಳು ಮರ ಕಂಡರೆ ಸತ್ತಿತು ಎನ್ನಬೇಡ, ಸೂರಕ್ಕಿ ಬಂದಿದೆಯೇ ಎಂದು ತಲೆಯೆತ್ತಿ ನೋಡು.