ಗೀಜಗನ ಕಥೆಯ ಚೆಲುವೆ

ಹರೆಯದ ಹಕ್ಕಿಗಳಿಗೆ ಕಥೆ ಹೇಳುವುದರಲ್ಲಿ ಚೆನ್ನಿಗನೆಂಬ ಗೀಜಗನನ್ನು ಮೀರಿಸುವವರೇ ಇರಲಿಲ್ಲ. ಅಂದೂ ಗಂಟಲು ಸರಿಮಾಡಿಕೊಂಡು ಶುರುಮಾಡಿದ: “ಹಾವು ಬಂತು. ಚೆಲುವೆಯೊಬ್ಬಳು ಗೂಡಿನಲ್ಲಿ ನಡುಗುತ್ತ ಕೂತಳು. ಶೂರನೊಬ್ಬ ಹಾರಿಬಂದು ಕಾಪಾಡಿದ!”

ಹೆಣ್ಣುಹಕ್ಕಿ ತುಂಗಿ ಕೇಳಿದಳು, “ಅವಳ ಕೊಕ್ಕು ಏನು ಮಾಡುತ್ತಿತ್ತು ಮಾವ?”

“ಹೊನ್ನಿನಂತೆ ಹೊಳೆಯುತ್ತಿತ್ತು.”

“ಬಣ್ಣ ಕೇಳಲಿಲ್ಲ. ನೀವು ಗಂಡುಗಳು ಹೆಣೆದ ಗೂಡನ್ನೂ ಜಗ್ಗಿ ನೋಡಿಯೇ ಒಪ್ಪುವವರು ನಾವು. ಈ ಕಥೆ ಜಗ್ಗಿದರೆ ಕಿತ್ತುಬರುತ್ತದೆ.”

ಹೆಣ್ಣುಹಕ್ಕಿಗಳೆಲ್ಲ ಎದ್ದುಹೋಗಲು ರೆಕ್ಕೆ ಬಿಚ್ಚಿದವು.

ಹೆಣ್ಣು ಒಪ್ಪದ ಗೂಡನ್ನು ಬಿಟ್ಟು ಹೊಸದು ಹೆಣೆಯುವುದು ಗೀಜಗರ ಪದ್ಧತಿ. ಚೆನ್ನಿಗ ಗಡಿಬಿಡಿಯಲ್ಲಿ ಮತ್ತೆ ಆರಂಭಿಸಿದ: “ಹಾವು ಬಂತು. ಆಗ ಚೆಲುವೆ...” ಇಷ್ಟು ವರ್ಷ ಬರೀ ಹೇಳಿದವನು ಅಂದು ಮೊದಲ ಸಲ ಕೇಳಿದ:

“ಅಲ್ಲಮ್ಮ ತುಂಗಿ, ಹಾವು ಬಂದರೆ ನೀನೇನು ಮಾಡುತ್ತೀಯ?”