ಗೋಡೆಯ ಹಗ್ಗಗಳು

"ಗುರುಗಳೇ, ನಾನು ಮಠಕ್ಕೆ ಬಂದಾಗ ನಮ್ಮ ಗೋಶಾಲೆಯಲ್ಲಿ ಮೂವತ್ತು ದನಗಳಿದ್ದವು. ಈಗ ನಾಲ್ಕೇ ಉಳಿದಿವೆ. ನಮ್ಮ ದಯೆ ಬತ್ತಿಹೋಯಿತೇ?"

ಹೀಗೆ ಕೇಳಿದ ಶಿಷ್ಯನ ಕಂಕುಳಲ್ಲಿ ಹಳೆಯ ಹಗ್ಗಗಳ ಕಟ್ಟೊಂದಿತ್ತು. ಗೋಶಾಲೆಯ ಗೋಡೆಯಿಂದ ಅವನ್ನೆಲ್ಲ ಇಳಿಸಿ ತಿಪ್ಪೆಗೆ ಎಸೆಯಲು ಹೊರಟಿದ್ದ. ಗುರುಗಳು ಆ ಕಟ್ಟನ್ನು ನೋಡಿದರು. ಶಿಷ್ಯನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ವ್ಯಾಪಾರಿ ದಿಕ್ಕಿಲ್ಲದ ದನಗಳಿಗಾಗಿ ನಲವತ್ತು ಗೂಟಗಳ ಕೊಟ್ಟಿಗೆ ಕಟ್ಟಿಸಿ, ನೋಡಿಕೊಳ್ಳಲು ಒಬ್ಬ ದನಗಾಹಿಯನ್ನು ಇಟ್ಟ. ದನಗಾಹಿಗೆ ಓದುಬರಹ ಬಾರದು, ಹಟ ಮಾತ್ರ ಬೇಕಾದಷ್ಟಿತ್ತು. ಗೂಟಕ್ಕೆ ಒಂದೇ ದನ. ನಲವತ್ತೊಂದನೆಯದು ಬಂದರೆ, ಇದ್ದುದರಲ್ಲಿ ಒಂದಕ್ಕೆ ಒಳ್ಳೆಯ ಮನೆ ಹುಡುಕಿಕೊಟ್ಟು ಆಮೇಲೆ ಹೊಸದನ್ನು ಕಟ್ಟುತ್ತಿದ್ದ. ಗೂಟ ಖಾಲಿ ಇದ್ದಾಗಲೂ ಒಳ್ಳೆಯ ಮನೆ ಸಿಕ್ಕರೆ ದನವನ್ನು ಕೊಟ್ಟುಬಿಡುತ್ತಿದ್ದ. ದನ ಕೊಟ್ಟರೂ ಹಗ್ಗ ಕೊಡಬಾರದೆಂಬುದು ನಮ್ಮ ಕಡೆಯ ರೂಢಿಯಲ್ಲವೇ? ಒಯ್ಯುವವರು ತಮ್ಮ ಹಗ್ಗ ತರುತ್ತಿದ್ದರು. ಉಳಿದ ಹಗ್ಗಕ್ಕೆ ಆ ಮನೆಯವರ ಬಟ್ಟೆಯ ಚೂರೊಂದನ್ನು ಕಟ್ಟಿ ಇವನು ಗೋಡೆಗೆ ನೇತುಹಾಕುತ್ತಿದ್ದ. ಬಿಡುವಾದಾಗ ಆ ಮನೆಗಳಿಗೆ ಹೋಗಿ ದನಗಳ ಬೆನ್ನು ಸವರಿ ಬರುತ್ತಿದ್ದ. ಯಾವುದಾದರೂ ಸತ್ತರೆ ಅದರ ಹಗ್ಗವನ್ನು ಇಳಿಸಿ ಮಣ್ಣು ಮಾಡುತ್ತಿದ್ದ.

ಏಳು ವರ್ಷ ಕಳೆಯಿತು. ಪಕ್ಕದ ಊರಿನ ಸಾಹುಕಾರನ ಕೊಟ್ಟಿಗೆಯಲ್ಲಿ ಇನ್ನೂರು ದನಗಳಿವೆ ಎಂಬ ಸುದ್ದಿ ವ್ಯಾಪಾರಿಯ ಕಿವಿಗೆ ಬಿತ್ತು. ಮಲಗಲು ಜಾಗವಿಲ್ಲದೆ ಅವು ನಿಂತಲ್ಲೇ ಸೊರಗುತ್ತಿವೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಹೊಟ್ಟೆಕಿಚ್ಚಿಗೆ ಕಾಲು ಬಂತು, ವ್ಯಾಪಾರಿ ತನ್ನ ಕೊಟ್ಟಿಗೆಗೆ ಓಡಿದ. ಅಲ್ಲಿದ್ದದ್ದು ಹನ್ನೊಂದು ದನ, ಇಪ್ಪತ್ತೊಂಬತ್ತು ಖಾಲಿ ಗೂಟ.

"ಏನಯ್ಯಾ, ಊರವರು ನನ್ನ ಮುಖಕ್ಕೆ ಉಗಿಯಲಿ ಅಂತ ಹೀಗೆ ಮಾಡಿದ್ದೀಯಾ? ಇನ್ನು ಒಂದು ಕರುವೂ ಆಚೆ ಹೋಗಕೂಡದು. ಆಗದಿದ್ದರೆ ನೀನೇ ಹೊರಡು!"

"ಹೊರಡ್ತೀನಿ ಧಣಿ. ಸೋಮವಾರ ಒಂದು ಕಳೀಲಿ."

ಸೋಮವಾರ ಯಾರೂ ಎತ್ತು ಹೂಡುವುದಿಲ್ಲ. ದನಗಾಹಿ ಬಟ್ಟೆಯ ಚೂರುಗಳನ್ನು ನೋಡಿಕೊಂಡು ಊರೂರು ಸುತ್ತಿ ಹೇಳಿಬಂದ.

ಸೋಮವಾರ ಬೆಳಿಗ್ಗೆ ವ್ಯಾಪಾರಿ ಕೊಟ್ಟಿಗೆಗೆ ಬಂದು ನಿಂತಿದ್ದಾಗ ದಾರಿಯಲ್ಲಿ ಧೂಳೆದ್ದಿತು. ಮೊದಲು ಕುಂಟೆತ್ತೊಂದು ಬಂತು. ಅದರ ಹಿಂದೆ ಕೆಂದಾಕಳು ತನ್ನ ಎರಡು ಕರುಗಳೊಡನೆ ಬಂತು. ಆಮೇಲೆ ಏಳು ಊರಿನ ಜನ, ಮೈ ತೊಳೆದು ಕೊಂಬಿಗೆ ಎಣ್ಣೆ ಸವರಿದ ದನಗಳನ್ನು ಹಿಡಿದುಕೊಂಡು, ತಮಟೆ ಬಡಿಯುತ್ತಾ ಬಂದರು. ಒಬ್ಬ ಮುದುಕಿ ಕೆಂಪು ಚೂರಿನ ಹಗ್ಗವನ್ನು ಕಣ್ಣಿಗೊತ್ತಿಕೊಂಡು, "ಇದು ನಮ್ಮ ಗೌರೀದು. ಇವಳ ಹಾಲು ಕುಡಿದೇ ನನ್ನ ಮೊಮ್ಮಕ್ಕಳು ಎದ್ದು ಓಡಾಡಿದ್ದು" ಎಂದಳು. ಗೋಡೆಯಲ್ಲಿ ಮುನ್ನೂರ ಹನ್ನೆರಡು ಹಗ್ಗ, ಬಯಲಲ್ಲಿ ಮುನ್ನೂರ ಹನ್ನೆರಡು ದನ. ಒಂದೂ ತಪ್ಪಿರಲಿಲ್ಲ. ಕರುಗಳ ಲೆಕ್ಕ ಯಾರಿಗೂ ಹತ್ತಲಿಲ್ಲ.

ವ್ಯಾಪಾರಿಗೆ ಸಂತೋಷ ತಡೆಯಲಾಗಲಿಲ್ಲ. ಎಲ್ಲರೆದುರು ಅತ್ತುಬಿಟ್ಟ. ತನ್ನ ರುಮಾಲು ಬಿಚ್ಚಿ ದನಗಾಹಿಯ ತಲೆಗೆ ಸುತ್ತಿದ. ಆಮೇಲೆ ತಾನೇ ಮುಂದಾಗಿ ಪಕ್ಕದ ಊರಿಗೆ ನಡೆದು, ಆ ಸಾಹುಕಾರನ ಕೊಟ್ಟಿಗೆಯಿಂದ ಸೊರಗಿದ ಇಪ್ಪತ್ತೊಂಬತ್ತು ದನಗಳನ್ನು ಕೇಳಿ ಹೊಡೆದುಕೊಂಡು ಬಂದ. ಅವಕ್ಕೆಲ್ಲ ಗೂಟಗಳು ಕಾದಿದ್ದವು.

ಗುರುಗಳು ಕತೆ ಮುಗಿಸಿ ಶಿಷ್ಯನ ಕಂಕುಳತ್ತ ಕೈ ತೋರಿದರು.

"ಮೊದಲು ಆ ಕಟ್ಟು ಬಿಚ್ಚಿ ಎಣಿಸಪ್ಪಾ, ನಮ್ಮಲ್ಲಿ ಎಷ್ಟು ದನಗಳಿವೆಯೆಂದು ಆಮೇಲೆ ಹೇಳು."