ಬೋಕಿಗುಡ್ಡ

ಎಡೆದೊರೆ ನಾಡಿನ ಗಡಿಗೆಹಾಳದಿಂದ ಪಡುವಣಕ್ಕೆ, ಜೋಳದ ಹೊಲಗಳನ್ನು ದಾಟಿ ಕೂಗಳತೆ ನಡೆದರೆ ಒಂದು ಬೋಳು ಗುಡ್ಡ ಸಿಗುತ್ತದೆ. ಗುಡ್ಡ ಎನ್ನುವುದೂ ಊರವರ ಅಭಿಮಾನವೇ. ಏದುಸಿರು ಬರುವ ಮೊದಲೇ ತುದಿ ಮುಟ್ಟಿಬಿಡಬಹುದು. ತುದಿಯಲ್ಲಿ ವ್ಯಾಕುಲ ಮಾತೆಯ ಪುಟ್ಟ ಗುಡಿ, ಅದರ ಮುಂದೆ ಒಂದು ಕಲ್ಲಿನ ಶಿಲುಬೆ, ಪಕ್ಕದಲ್ಲಿ ವಯಸ್ಸಾದ ಬೇವಿನ ಮರ. ನೋಡತಕ್ಕದ್ದು ಇಷ್ಟೇ ಎಂದುಕೊಂಡು ಬಂದವರು ತಿರುಗಿ ಹೊರಟಾಗ ಕಾಲ ಕೆಳಗಿನ ಸದ್ದು ಅವರನ್ನು ನಿಲ್ಲಿಸುತ್ತದೆ. ಗುಡ್ಡದ ಮೈತುಂಬ ಒಡೆದ ಗಡಿಗೆಗಳ ಚೂರು. ಕೆಂಪು, ಕಪ್ಪು, ಮಸಿ ಹಿಡಿದವು, ಮಳೆಗೆ ಸವೆದವು. ಈ ಸೀಮೆಯಲ್ಲಿ ಅಂಥ ಚೂರಿಗೆ ಬೋಕಿ ಎನ್ನುತ್ತಾರೆ, ಗುಡ್ಡಕ್ಕೂ ಅದೇ ಹೆಸರು. ಒಮ್ಮೆ ಪಟ್ಟಣದ ಕಾಲೇಜಿನವರು ಇಲ್ಲೊಂದು ಪುರಾತನ ನಗರವಿತ್ತೆಂದು ನಂಬಿ, ಜರಡಿ ಚೀಲಗಳ ಸಮೇತ ಬಂದು ದಿನವಿಡೀ ಬೋಕಿ ಆಯ್ದರಂತೆ. ಗುಡಿ ನೋಡಿಕೊಳ್ಳುವ ಮುದುಕ ಅರುಳಪ್ಪ ಅವರಿಗೆ ಎರಡು ಸಲ ಮಜ್ಜಿಗೆ ಕೊಟ್ಟು, ಹೊತ್ತು ಇಳಿದ ಮೇಲೆ, "ಮ್ಯಾಲಿನವು ಹ್ವಾದ ಪಾಸ್ಕ ಹಬ್ಬದವು ಸರ, ಕೆಳಗಿನವು ಅದರ ಹಿಂದಿನ ವರ್ಷದವು" ಎಂದನಂತೆ. ಮೊದಲೇ ಯಾಕೆ ಹೇಳಲಿಲ್ಲವೆಂದರೆ, ಮೊದಲು ಅವರು ಕೇಳಲಿಲ್ಲ ಎನ್ನುತ್ತಾನೆ.

ಹಿಂದೆ ಒಮ್ಮೆ, ಬೆಂಕಿಕಡ್ಡಿ ಈ ಕಡೆಗೆ ಇನ್ನೂ ಬಾರದ ಕಾಲದಲ್ಲಿ, ಗಡಿಗೆಹಾಳದ ಕುಂಬಾರಗೇರಿಯಲ್ಲಿ ತಿರಕವ್ವ, ಬಾಳವ್ವ ಎಂಬ ಅಕ್ಕತಂಗಿಯರಿದ್ದರು. ತಾಯಿ ಸಣ್ಣಂದಿನಲ್ಲೇ ತೀರಿಹೋಗಿದ್ದಳು, ಗಂಡು ಸಂತಾನವಿರಲಿಲ್ಲ. ತಂದೆ ತಿಗರಿ ತಿರುಗಿಸಿದರೆ ತಿರಕವ್ವ ಗಡಿಗೆಯ ಅಂಚು ತಿದ್ದುತ್ತಿದ್ದಳು. ಹಸಿ ಅಂಚಿನ ಸುತ್ತ ಹೆಬ್ಬೆರಳೊತ್ತಿ ಹೂವಿನ ಸಾಲಿನಂತೆ ಮಾಡುವುದು ಅವಳದೇ ಕೈಚಳಕ. ಬಾಳವ್ವನಿಗೆ ಕೆಲಸಕ್ಕಿಂತ ಮಾತು ಹೆಚ್ಚು, ಮಾತಿಗಿಂತ ಆತುರ ಹೆಚ್ಚು. ತಿರಕವ್ವನಿಗೆ ಮನೆಅಳಿಯನಾಗಿ ಬರಲು ಒಪ್ಪಿದ ವರನೊಬ್ಬ ಸಿಕ್ಕಾಗ ಆ ಮನೆಗೆ ಜೀವ ಬಂದಂತಾಯಿತು. ತಿಗರಿ ನಿಲ್ಲುವುದಿಲ್ಲ, ತನಗೆ ಹುಟ್ಟುವ ಮಗನೂ ಇದೇ ಅಂಗಳದಲ್ಲಿ ಮಣ್ಣು ತುಳಿಯುತ್ತಾನೆ ಎಂದು ಅವಳು ಮನಸ್ಸಿನಲ್ಲೇ ಸಂಸಾರ ಹೂಡಿಬಿಟ್ಟಿದ್ದಳು.

ಮದುವೆಗೆ ಐರಾಣಿ ಬೇಕು. ಐರಾಣಿಯೆಂದರೆ ಹಂದರದ ಕೆಳಗೆ ಪೂಜೆಗೆ ಇಡುವ ಮಂಗಳದ ಗಡಿಗೆಗಳು. ಊರಿನ ಎಲ್ಲ ಮದುವೆಗಳಿಗೂ ಅವು ಕುಂಬಾರರ ಮನೆಯಿಂದಲೇ ಮೆರವಣಿಗೆಯಲ್ಲಿ ಹೋಗುತ್ತಿದ್ದವು. ಈ ಬಾರಿ ತಮ್ಮದೇ ಮನೆಯ ಮದುವೆ, ಆದ್ದರಿಂದ ತಿರಕವ್ವ ಒಂದೊಂದು ಅಂಚಿಗೂ ಉಸಿರು ಬಿಗಿಹಿಡಿದು ಬೆರಳೊತ್ತಿದಳು. ಗಡಿಗೆ ಸುಡಲು ಆವಿಗೆ ಹೂಡಿ ಬೆಂಕಿ ಕೊಟ್ಟರು. ಬೆಂದ ಆವಿಗೆ ತಾನಾಗಿ ಆರುವ ತನಕ ಅದರ ಬೂದಿ ಕೆದಕಬಾರದೆಂಬುದು ಕುಂಬಾರರ ಕೂಸಿಗೂ ಗೊತ್ತು. ಬಾಳವ್ವನಿಗೂ ಗೊತ್ತಿತ್ತು. ಆದರೆ ಬೀಗರು ಬಂದು ಅಂಗಳದಲ್ಲಿ ಕೂತಿದ್ದರು, ಅಕ್ಕನ ಐರಾಣಿಯನ್ನು ಅವರಿಗೆ ಎಲ್ಲರಿಗಿಂತ ಮೊದಲು ತಾನೇ ತೋರಿಸಬೇಕೆಂಬ ಆಸೆ ಆ ಹುಡುಗಿಗೆ ತಡೆಯಲಾಗಲಿಲ್ಲ. ಕೋಲಿನಿಂದ ಬೂದಿ ಸರಿಸಿದಳು. ತಣ್ಣನೆಯ ಗಾಳಿ ಒಳನುಗ್ಗಿತು. ಟಣ್ ಟಣ್ ಎಂದು ಗಡಿಗೆಗಳು ಸೀಳುವ ಸದ್ದು ಅಂಗಳಕ್ಕೆಲ್ಲ ಕೇಳಿತು. ವರನ ಸೋದರಮಾವ ಎದ್ದು ರುಮಾಲು ಕೊಡವಿ, "ಐರಾಣಿ ಒಡದ ಮನಿ ಹೆಣ್ಣು ನಮಗ ಬ್ಯಾಡ" ಎಂದ. ತಂದೆ ಕಾಲಿಗೆ ಬಿದ್ದರೂ ಅವರು ನಿಲ್ಲಲಿಲ್ಲ.

ಆ ವರುಷವೇ ತಂದೆ ಕೊರಗಿ ತೀರಿಕೊಂಡ. ಬಾಳವ್ವನನ್ನು ಸೋದರತ್ತೆಯೊಬ್ಬಳು ಹೊಳೆಯಾಚೆಯ ಊರಿಗೆ ಕೊಟ್ಟು ಕೈತೊಳೆದುಕೊಂಡಳು. ಹೊಸ ಒಲೆ ಹೂಡಲು ಹೋಗುವ ಹೆಣ್ಣುಮಗಳಿಗೆ ತವರಿನ ಒಲೆಯಿಂದ ಒಂದು ಕೆಂಡ ಕೊಟ್ಟು ಕಳಿಸುವುದು ಆ ಕೇರಿಯ ವಾಡಿಕೆ. ಹೊರಡುವ ದಿನ ಬಾಳವ್ವ ಬೋಕಿಯೊಂದನ್ನು ಒಡ್ಡಿ ಒಲೆಯ ಮುಂದೆ ನಿಂತಳು. ತಿರಕವ್ವ ಕೆಂಡದ ಮೇಲೆ ಬೂದಿ ಎಳೆದು, "ಈ ಒಲಿ ಬೆಂಕಿ ಈ ಜನ್ಮದಾಗ ನಿನಗ ಸಿಗಂಗಿಲ್ಲ, ಹೋಗು" ಎಂದಳು. ತಂಗಿ ಖಾಲಿ ಬೋಕಿ ಹಿಡಿದು ಹೋದಳು. ಅಂದಿನಿಂದ ತಿರಕವ್ವ ಹೆಂಗಸರು ಮುಟ್ಟಬಾರದ ತಿಗರಿಯ ಮುಂದೆ ತಾನೇ ಕೂತಳು. ಕೇರಿ ಬಾಯಿಗೆ ಬಂದಂತೆ ಆಡಿಕೊಂಡಿತು, ಆದರೂ ಅವಳ ಗಡಿಗೆ ಸೋರುತ್ತಿರಲಿಲ್ಲವಾದ್ದರಿಂದ ಕೊಳ್ಳುವುದನ್ನು ಬಿಡಲಿಲ್ಲ. ಸಿಟ್ಟು ಮೊದಲು ಸುಡುತ್ತಿತ್ತು, ಆಮೇಲೆ ಅಭ್ಯಾಸವಾಯಿತು, ಕೊನೆಗೆ ಅದನ್ನು ಹೊತ್ತು ತಿರುಗುವುದೇ ಒಂದು ದಣಿವಾಯಿತು. ಇಳಿಸುವುದು ಹೇಗೆಂದು ಮಾತ್ರ ಅವಳಿಗೆ ತಿಳಿಯಲಿಲ್ಲ.

ಹೊಳೆಯಾಚೆ ಬಾಳವ್ವನದೂ ಸುಖದ ಬಾಳಲ್ಲ. ಮಗಳಿಗೆ ಐರಾಣಿ ಹೊರಿಸಿ ಮದುವೆ ಮಾಡುವ ಕನಸು ಕಂಡಿದ್ದಳು. ವಾಂತಿಭೇದಿಯ ಬೇನೆ ಬಂದು ಗಂಡನೂ ಮಗಳೂ ಒಂದೇ ವಾರದಲ್ಲಿ ಹೋದರು. ಕಾಲ್ಗುಣ ಸರಿಯಿಲ್ಲವೆಂದು ಅತ್ತೆಮನೆಯವರು ಹೊರಹಾಕಿದಾಗ, ತವರಿನ ದಾರಿ ಹಿಡಿದು ಬಂದ ಅವಳನ್ನು ಕರೆದು ಗಂಜಿ ಕೊಟ್ಟವರು ಈ ಗುಡ್ಡದ ಬುಡದ ಕ್ರೈಸ್ತರ ಹಟ್ಟಿಯವರು. ಉಣ್ಣಿಸಿದ್ದಕ್ಕೆ ಅವಳು ಅವರ ಧರ್ಮ ಹಿಡಿದಳೆಂದು ಊರು ಆಡಿಕೊಂಡಿತು. ಮಗಳನ್ನು ಕಳೆದುಕೊಂಡ ನೋವಿಗೆ, ಮಗನ ಹೆಣವನ್ನು ಮಡಿಲಲ್ಲಿ ಹೊತ್ತು ಕೂತ ಆ ಗುಡಿಯ ವ್ಯಾಕುಲ ಮಾತೆಯ ಮುಂದೆ ಮಾತ್ರ ಅಳು ಬಂತೆಂದು ಅವಳು ಹೇಳುತ್ತಿದ್ದಳಂತೆ. ಜ್ಞಾನಸ್ನಾನ ಪಡೆದು, ಗುಡಿಯ ಅಂಗಳ ಗುಡಿಸಿಕೊಂಡು, ಹಟ್ಟಿಯ ಉಪದೇಶಿ ರಾಯಪ್ಪನ ಮನೆಯಲ್ಲಿ ಉಂಡುಕೊಂಡು ಅಲ್ಲೇ ಉಳಿದಳು. ತಂಗಿ ಕೂಗಳತೆ ದೂರಕ್ಕೆ ಬಂದಿದ್ದಾಳೆಂದು ಗೊತ್ತಾದ ದಿನ ತಿರಕವ್ವ ಪಡುವಣದ ಕಿಟಕಿಗೆ ಮಣ್ಣು ಮೆತ್ತಿದಳು.

ಆದರೆ ವರುಷಕ್ಕೊಮ್ಮೆ, ಬೇಸಗೆ ಏರುವ ಹೊತ್ತಿನ ಒಂದು ಶುಕ್ರವಾರ ಮಧ್ಯಾಹ್ನ, ಅವಳ ಬಾಗಿಲನ್ನು ಯಾರೋ ಬಡಿಯುತ್ತಿದ್ದರು. ಮೊದಲ ವರುಷ ಸಂದಿಯಿಂದ ನೋಡಿದಾಗ ತಂಗಿ ನಿಂತಿದ್ದಳು. ಮನೆಯಲ್ಲಿ ಪಾಲು ಕೇಳಲು ಬಂದಿದ್ದಾಳೆಂದುಕೊಂಡು ತಿರಕವ್ವ ಅಗಳಿ ಹಾಕಿದಳು. ಮರುವರುಷವೂ ಅದೇ ಬಡಿತ, ಅದೇ ಅಗಳಿ. ಹೀಗೆ ಇಬ್ಬರ ತಲೆಯೂ ನರೆಯಿತು.

ಒಂದು ವರುಷ ಯುಗಾದಿಯ ಮುಂದೆ ಕೇರಿಯವರೆಲ್ಲ ಒಟ್ಟಿಗೆ ಆವಿಗೆ ಹೂಡಿದರು. ತಿರಕವ್ವನ ಕೈ ಆಗಲೇ ನಡುಗುತ್ತಿತ್ತು, ಮುಂದಿನ ವರುಷ ತಿಗರಿ ತಿರುಗಿಸಲಾರೆನೆಂದು ಅವಳಿಗೆ ಗೊತ್ತಿತ್ತು. ಚಳಿಗಾಲವೆಲ್ಲ ಮಾಡಿದ ಗಡಿಗೆಗಳನ್ನು ಒಪ್ಪವಾಗಿ ಜೋಡಿಸಿ, ಮೇಲೆ ಹುಲ್ಲು ಕುಳ್ಳು ಹೊದಿಸಿ, ಬೆಳಿಗ್ಗೆ ಬೆಂಕಿ ಕೊಟ್ಟರಾಯಿತೆಂದು ಒಳಗೆ ಬಂದವಳಿಗೆ ಮೈ ಕೆಂಡವಾಯಿತು. ಮರುದಿನವೆಲ್ಲ ಏಳಲಾಗಲಿಲ್ಲ, ಜ್ವರದಲ್ಲೇ ಬಾಗಿಲು ಬಡಿದದ್ದು ಕೇಳಿಸಿತು. ಶುಕ್ರವಾರ ಬಂತೇನೋ ಎಂದುಕೊಂಡು ಗೋಡೆಯ ಕಡೆ ಹೊರಳಿದಳು. ಶನಿವಾರ ಬೆಳಗಾಗಿ ಎದ್ದು ನೋಡಿದರೆ ಅಪ್ಪನ ಕಾಲದಿಂದ ಆರದ ಒಲೆ ಆರಿಹೋಗಿತ್ತು. ಮೂಡಣದಲ್ಲಿ ಅಡ್ಡಮಳೆಯ ಮೋಡ ಕಟ್ಟುತ್ತಿತ್ತು. ಬೇಯದ ಗಡಿಗೆ ಮಳೆಗೆ ಸಿಕ್ಕರೆ ಕೆಸರು. ಹೂಡಿದ ಆವಿಗೆ ಇಳಿಯುವ ತನಕ ಮನೆಯ ಕೆಂಡ ಹೊರಗೆ ಕೊಡಬಾರದೆಂದು ಕೇರಿಯವರು ಬಾಗಿಲಲ್ಲೇ ಕೈಮುಗಿದರು. ತಿಗರಿ ಮುಟ್ಟಿದ ಹೆಂಗಸಿನ ಆವಿಗೆಗೆ ಬೆಂಕಿ ಕೊಟ್ಟು ಪಾಪ ಕಟ್ಟಿಕೊಳ್ಳುವುದು ಒಕ್ಕಲುಗೇರಿಯವರಿಗೂ ಬೇಡವಾಗಿತ್ತು. ಚಕಮಕಿ ಕಲ್ಲು ಗಂಡಸರ ಚಂಚಿಯಲ್ಲಿರುವ ವಸ್ತು, ಆ ಮನೆಯಲ್ಲಿ ಗಂಡಸಿರಲಿಲ್ಲ. ಕೊನೆಗೆ ನೆರೆಯ ಮುದುಕಿಯೊಬ್ಬಳು ಗುಡ್ಡದ ಕಡೆ ಕೈತೋರಿಸಿ, "ಇವತ್ತು ಅಲ್ಲಿ ಯಾರು ಹ್ವಾದರೂ ಬೆಂಕಿ ಕೊಡ್ತಾರ. ಮಾನ ನೋಡ್ತೀಯೋ, ಗಡಿಗಿ ನೋಡ್ತೀಯೋ?" ಎಂದಳು.

ಮುದುಕಿಯ ಮಾತು ನಿಜ. ಯೇಸುಸ್ವಾಮಿ ಸತ್ತ ಶುಕ್ರವಾರ ಆ ಹಟ್ಟಿಯಲ್ಲಿ ಎಲ್ಲ ಒಲೆಗಳನ್ನೂ ಆರಿಸುತ್ತಿದ್ದರು. ಶನಿವಾರ ಬೆಳಿಗ್ಗೆ ಗುಡಿಯ ಮುಂದೆ ಕಲ್ಲು ತೀಡಿ ಹೊಸ ಬೆಂಕಿ ಹುಟ್ಟಿಸಿ ಮಂತ್ರಿಸಿದ ಮೇಲೆ, ಮನೆಮನೆಯವರು ಬೋಕಿ ತಂದು ಕೆಂಡ ಒಯ್ದು, ಯೇಸು ಮತ್ತೆ ಎದ್ದ ಭಾನುವಾರದ ಪಾಸ್ಕ ಹಬ್ಬದ ಅಡುಗೆಗೆ ಒಲೆ ಹಚ್ಚುತ್ತಿದ್ದರು. ತಿರಕವ್ವ ಜ್ವರದ ಮೈ ಹೊತ್ತು, ನಡುನಡುವೆ ಕೂತು, ಗುಡ್ಡ ಹತ್ತಿದಳು. ತಂಗಿ ಎದುರಾಗದಿದ್ದರೆ ಸಾಕೆಂದು ತಲೆ ತಗ್ಗಿಸಿ ಬೋಕಿ ಒಡ್ಡಿದಳು. ಇಕ್ಕಳ ಹಿಡಿದು ನಿಂತಿದ್ದ ರಾಯಪ್ಪ ಯಾರು ಏನೆಂದು ಕೇಳದೆ ಎರಡು ಕೆಂಡ ಇಟ್ಟ. ಬದುಕಿದೆ ಎಂದು ಅವಳು ತಿರುಗಿದಳು. ಬೇವಿನ ಮರದ ಕೆಳಗೆ ಬಾಳವ್ವ ನಿಂತಿದ್ದಳು. ಎಲ್ಲರ ಬೋಕಿಯಲ್ಲೂ ಕೆಂಡವಿತ್ತು, ಅವಳದು ಖಾಲಿ. ಆ ಖಾಲಿ ಬೋಕಿಯ ಅಂಚಿನಲ್ಲಿ ಸಾಲಾಗಿ ಹೆಬ್ಬೆರಳಿನ ಗುರುತುಗಳಿದ್ದವು. ತನ್ನ ಬೆರಳು ತನಗೆ ಗೊತ್ತಾಗದೆ?

"ಅದು ಎಲ್ಲೀದು?" ಎಂದು ತಿರಕವ್ವ ಕೇಳಿದಳು. ಎಷ್ಟೋ ವರುಷಗಳ ಮೇಲೆ ತಂಗಿಯೊಡನೆ ಆಡಿದ ಮೊದಲ ಮಾತು ಅದು.

"ನಿನ್ನ ಐರಾಣೀದು ಅಕ್ಕಾ."

"ಬೆಂಕಿ ಯಾಕ ತಗೊಂಡಿಲ್ಲ?"

ರಾಯಪ್ಪನೇ ಹೇಳಿದ. "ಆಕಿ ಯಾವ ವರ್ಷನೂ ತಗೊಂಡಿಲ್ಲ ಯವ್ವಾ. ಯಾರ ಕೂಡ ಮುನಿಸೈತೋ ಅವರ ಮನಿಗೆ ಶುಕ್ರವಾರ ಹೋಗಿ, ತಪ್ಪಾತು ಅಂತ ಹೇಳಿ ಬಂದು ಕೆಂಡ ತಗೋರಿ ಅಂತೀವಿ ನಾವು. ಈಕಿ ಹೋಗ್ತಾಳ, ಬಾಗ್ಲ ತೆಗಿಯಂಗಿಲ್ಲ. ನಿಂದು ನೀ ಮಾಡೀದಿ, ತಗೋ ಅಂತ ಪಾದ್ರಿ ಸ್ವಾಮಿಗಳೇ ಹೇಳಿದರೂ ಕೇಳಂಗಿಲ್ಲ. ಇಷ್ಟು ವರ್ಷಾತು, ತನ್ನ ಗುಡಿಸಲದಾಗ ಒಲಿ ಹೂಡಿಲ್ಲ."

ಪಾಲು ಕೇಳಲು ಬಂದವಳೆಂದು ತಿರಕವ್ವ ವರುಷ ವರುಷವೂ ಅಗಳಿ ಹಾಕಿದ್ದಳು. ತಂಗಿ ಬಂದದ್ದು ತಪ್ಪಾಯಿತೆನ್ನಲು. ಅಷ್ಟರಲ್ಲಿ ಮಣ್ಣಿನ ವಾಸನೆಯ ಗಾಳಿ ಬೀಸಿ, ಕೈಮೇಲೆ ಮೊದಲ ಹನಿ ಬಿತ್ತು. ಈಗ ಓಡಿದರೆ ಆವಿಗೆ ಉಳಿದೀತು. ಅದರೊಳಗೆ ಅವಳ ಕೊನೆಯ ಗಡಿಗೆಗಳಿದ್ದವು. ಕೆಳಗೆ ಕೇರಿಯನ್ನೊಮ್ಮೆ ನೋಡಿದಳು, ಖಾಲಿ ಬೋಕಿಯನ್ನೊಮ್ಮೆ ನೋಡಿದಳು. ಆಮೇಲೆ ಬೇವಿನ ಬುಡದಲ್ಲಿ ಕೂತುಬಿಟ್ಟಳು.

"ಬಾಳೀ, ಹಿಡಿ ಇಲ್ಲಿ" ಎಂದು, ಬೆಂಕಿಗೆ ದಡ್ಡುಗಟ್ಟಿದ ಬೆರಳಿನಿಂದಲೇ ತನ್ನ ಒಂದು ಕೆಂಡ ಎತ್ತಿ ತಂಗಿಯ ಬೋಕಿಗೆ ಇಟ್ಟಳು. "ತಗೋ. ತವರೀದು."

ಮಳೆ ಸುರಿಯಿತು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಕೇರಿಗೆ ಇಳಿಯುವಷ್ಟರಲ್ಲಿ ಆವಿಗೆ ಕುಸಿದು ಕೆಸರಾಗಿತ್ತು. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಅಂದು ದೊಣ್ಣೆಯೂ ಬೇಕಾಗಲಿಲ್ಲ. ತಿರಕವ್ವ ತನಗೆಂದು ಇಟ್ಟುಕೊಂಡ ಕೆಂಡ ದಾರಿಯಲ್ಲೇ ಆರಿತ್ತು. ತಂಗಿ ಮಾತ್ರ ತನ್ನದರ ಮೇಲೆ ಇನ್ನೊಂದು ಬೋಕಿ ಮುಚ್ಚಿ, ಎದೆಗವಚಿ ತಂದಿದ್ದಳು. ಆ ಕೆಂಡದಿಂದಲೇ ಅಕ್ಕನ ಒಲೆ ಹೊತ್ತಿತು. ಒದ್ದೆ ಸೀರೆಯಲ್ಲಿ ಅದರ ಮುಂದೆ ಕೂತು ತಿರಕವ್ವ ಅತ್ತಳು, ಗಡಿಗೆಗಳಿಗಾಗಿ ಅಲ್ಲ, ಹಾಳಾದ ಇಬ್ಬರ ಬಾಳಿಗಾಗಿ. ಅತ್ತು ಸಾಕಾದ ಮೇಲೆ ಕೇಳಿದಳು: "ಅಷ್ಟು ವರ್ಷ ಬಾಗ್ಲ ಬಡದ್ಯಲ್ಲ, ನಿನಗ ಬ್ಯಾಸರಾಗ್ಲಿಲ್ಲ?"

"ಆಗಿತ್ತಕ್ಕಾ. ಎಷ್ಟೋ ಸಲ ಅರ್ಧ ದಾರಿಯಿಂದ ತಿರಿಗಿ ಹೋಗೂಣು ಅನಿಸ್ತಿತ್ತು. ಯೇಸುಸ್ವಾಮಿನೂ ಹಿಂಗ ಮಂದಿ ಬಾಗ್ಲ ಬಡಕೋತ ನಿಂತಾನಂತ. ನನ್ನ ಬಾಗ್ಲಾನೂ ಬಡದಿದ್ನಲ್ಲ, ಎಲ್ಲಾ ಸತ್ತ ಮ್ಯಾಲೆ. ಅದಕ್ಕ ಮತ್ತ ಬರ್ತಿದ್ದೆ."

ಮರುದಿನ ಬಿಸಿಲು ಬಿದ್ದಾಗ ತಿರಕವ್ವ ಕೆಸರನ್ನು ಬೆರಳಲ್ಲಿ ಹಿಸುಕಿ ನೋಡಿ, "ಸುಟ್ಟದ್ದು ಒಡದ್ರ ಬೋಕಿ. ಇದು ಬರೇ ಕರಗೇತಿ, ಇನ್ನೂ ಮಣ್ಣ ಐತಿ" ಎಂದಳಂತೆ. ಅವಳೇ ಮುಂದಿನ ದಿನಗಳಲ್ಲಿ ಗುಡಿಯ ಹೊಸ್ತಿಲ ಹೊರಗೆ ಕೂತು ರಾಯಪ್ಪನ ಉಪದೇಶ ಕೇಳತೊಡಗಿದಳು. ದೇವರೂ ಕುಂಬಾರನಂತೆ, ಕೈಯಲ್ಲಿ ಕೆಟ್ಟ ಮಣ್ಣನ್ನೇ ಮತ್ತೆ ನಾದುತ್ತಾನೆ ಎಂದು ರಾಯಪ್ಪ ಹೇಳಿದ ದಿನ, "ನಾನು ಸುಟ್ಟು ಒಡದಾಕಿ. ಬೋಕಿ ತಗೊಂಡು ಆತ ಏನ್ ಮಾಡ್ತಾನ?" ಎಂದು ಒರಟಾಗಿಯೇ ಕೇಳಿದಳು. ಬಾಳವ್ವ ಕಸಬರಿಗೆ ನಿಲ್ಲಿಸಿ, "ಕೆಂಡ ಇಡ್ತಾನ" ಎಂದಳು. ಮರುವರುಷದ ಪಾಸ್ಕ ಹಬ್ಬಕ್ಕೆ ತಿರಕವ್ವನಿಗೂ ಜ್ಞಾನಸ್ನಾನವಾಯಿತು. ಹೆಸರು ಬದಲಾದರೂ ಊರು ತಿರಕವ್ವ ಎಂದೇ ಕರೆಯಿತು, ಅವಳೂ ಓ ಎನ್ನುತ್ತಿದ್ದಳು. ಗುಡ್ಡದ ಬುಡದ ಗುಡಿಸಲಿನಲ್ಲಿ ಇಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿಕೊಂಡು, ಆಗಾಗ ಜಗಳವಾಡಿಕೊಂಡು, ಉಳಿದ ದಿನ ಕಳೆದರೆಂದು ಹೇಳುತ್ತಾರೆ.

ಈಗಲೂ ಪಾಸ್ಕ ಹಬ್ಬದ ಮುಂಚಿನ ಶನಿವಾರ ಜನ ಬೋಕಿ ಹಿಡಿದು ಈ ಗುಡ್ಡ ಹತ್ತುತ್ತಾರೆ. ಮನೆಗಳಲ್ಲಿ ಗ್ಯಾಸಿನ ಒಲೆ ಬಂದಿದೆ, ಕೆಂಡ ಯಾರಿಗೂ ಬೇಕಿಲ್ಲ, ಆದರೂ ಬರುತ್ತಾರೆ. ತನ್ನ ಬೋಕಿಗೆ ತಾನೇ ಕೆಂಡ ಹಾಕಿಕೊಳ್ಳುವಂತಿಲ್ಲ, ಇನ್ನೊಬ್ಬರು ಇಡಬೇಕು. ಇಳಿಯುವಾಗ ಆರಿದ ಬೋಕಿಯನ್ನು ಇಳಿಜಾರಿನಲ್ಲಿ ಬಿಟ್ಟು ಹೋಗುತ್ತಾರೆ. ಗುಡಿಯ ಬಾಗಿಲ ಬಲಗಡೆ, ಸುಣ್ಣದ ಗೋಡೆಯಲ್ಲಿ ಹುದುಗಿಸಿದ ಒಂದು ಹಳೆಯ ಬೋಕಿಯನ್ನು ಅರುಳಪ್ಪ ಬಂದವರಿಗೆ ತೋರಿಸುತ್ತಾನೆ. ಅಂಚಿನ ಹೆಬ್ಬೆರಳಿನ ಗುರುತುಗಳು ಮುಟ್ಟಿ ಮುಟ್ಟಿ ನುಣುಪಾಗಿವೆ. ಪ್ರತಿ ವರುಷವೂ ಒಬ್ಬಿಬ್ಬರು ಖಾಲಿ ಬೋಕಿ ಹಿಡಿದು ಬೇವಿನ ಮರದ ಕೆಳಗೆ ನಿಂತಿರುತ್ತಾರೆ. ಅವರನ್ನು ಯಾರೂ ಏನೂ ಕೇಳುವುದಿಲ್ಲ. ಅವರು ಇಳಿದು ಹೋಗುವ ತನಕ ಅರುಳಪ್ಪ ಬೆಂಕಿ ಆರಿಸುವುದಿಲ್ಲ.